ಉಂಡಿ ಬಾಳ್ಯಾ ಜೋಕಾಲಿ ಏರಿದ್ದು

ಬಾಲಚಂದ್ರರಾಯರು ಈ ಜಗತ್ತಿನಲ್ಲಿ ಎರಡೇ ವಸ್ತುಗಳಿಗೆ ಹೆದರುತ್ತಿದ್ದರು. ಒಂದು ಉಂಡಿ, ಇನ್ನೊಂದು ಜೋಕಾಲಿ. ಹಾವು, ಚೇಳು, ಮೇಲಧಿಕಾರಿ, ಹೆಂಡತಿಯ ತವರಿನವರು, ಇವರಾರನ್ನೂ ಅವರು ಲೆಕ್ಕಕ್ಕೆ ಇಟ್ಟವರಲ್ಲ. ಇಂಥ ಮನುಷ್ಯ ಮದರಾಸಿಗೋ ಕಲಕತ್ತೆಗೋ ವರ್ಗವಾಗಿ ಹೋಗಿದ್ದರೆ ಆಯುಷ್ಯವಿಡೀ ಶೂರನೆನ್ನಿಸಿಕೊಂಡು ಬದುಕಿಬಿಡಬಹುದಿತ್ತು. ಆದರೆ ಅವರ ಹಣೆಯಲ್ಲಿ ಬರೆದದ್ದು ಗುಜರಾತ್. ಅಲ್ಲಿ ಮನೆಗೊಂದು ಜೋಕಾಲಿ. ಮದುವೆಗೆ ಲಾಡು, ಹಬ್ಬಕ್ಕೆ ಲಾಡು, ಸತ್ತವರ ಹದಿಮೂರನೆಯ ದಿನಕ್ಕೂ ಲಾಡು. ಲಾಡು ಎಂದರೂ ಅಷ್ಟೇ, ಉಂಡಿ ಎಂದರೂ ಅಷ್ಟೇ, ರಾಯರ ಹೊಟ್ಟೆಗೆ ಭಾಷೆಯ ಭೇದವಿರಲಿಲ್ಲ.

ಅವರದು ವಿಮಾ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ. ನಾಲ್ಕು ವರ್ಷ ಸೂರತ್, ಆಮೇಲೆ ಬರೋಡಾ. ವಿಮೆ ಬೇಡುವವರ ಅರ್ಜಿಗಳನ್ನು ಓದಿ, ಯಾರು ಯಾವ ಜಡ್ಡು ಮುಚ್ಚಿಟ್ಟಿದ್ದಾರೆಂದು ಪತ್ತೆ ಹಚ್ಚುವುದರಲ್ಲಿ ಅವರದು ಎತ್ತಿದ ಕೈ. ಚಿಕ್ಕಂದಿನಲ್ಲಿ ಏನಾದರೂ ಪೆಟ್ಟು, ಬೇನೆ ಆಗಿತ್ತೇ ಎಂದು ಕೇಳುವ ಕಾಲಮ್ಮಿನಲ್ಲಿ ಜನ ‘ಏನೂ ಇಲ್ಲ’ ಎಂದು ಬರೆದರೆ ಅವರು ಒಂದು ಸಲವೂ ನಂಬುತ್ತಿರಲಿಲ್ಲ. ತಮ್ಮದೇ ಪಾಲಿಸಿ ಮಾಡಿಸಿದಾಗ ಮಾತ್ರ ಅದೇ ಕಾಲಮ್ಮಿನಲ್ಲಿ ‘ಏನೂ ಇಲ್ಲ’ ಎಂದು ದುಂಡಗೆ ಬರೆದು ಸಹಿ ಹಾಕಿದ್ದರು.

ಇದ್ದದ್ದು ಇಷ್ಟು. ಧಾರವಾಡದ ಕಡೆ ನಾಗರ ಪಂಚಮಿ ಎಂದರೆ ಎರಡೇ ಕೆಲಸ: ಮನೆಯಲ್ಲಿ ಉಂಡಿ ತಿನ್ನುವುದು, ಮರಕ್ಕೆ ಕಟ್ಟಿದ ಜೋಕಾಲಿ ಜೀಕುವುದು. ಸಾವಿರದ ಒಂಬೈನೂರ ಮೂವತ್ಮೂರರ ಪಂಚಮಿಗೆ ಎಂಟು ವರ್ಷದ ಬಾಳ್ಯಾ ಗದಗಿನ ಅಜ್ಜನ ಮನೆಗೆ ಹೋಗಿದ್ದ. ಹಿತ್ತಲಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅವನ ತಾಯಿಯ ತಮ್ಮ, ಹತ್ತೊಂಬತ್ತು ವರ್ಷದ ಪಾಂಡುಮಾಮಾ, ಹಬ್ಬಕ್ಕೆಂದು ತಂದ ಗುಲಾಬಿ ಬಣ್ಣದ ಹೊಸ ರುಮಾಲು ಸುತ್ತಿಕೊಂಡು ಮೀಸೆ ತಿರುವುತ್ತಿದ್ದ. ಆ ದಿನ ಮಾಮಾನಿಗೆ ಅಳಿಯನ ಮೇಲೆ ಎಲ್ಲಿಲ್ಲದ ಪ್ರೀತಿ. ಅಡುಗೆಮನೆಯಿಂದ ಒಂದೊಂದೇ ತಂದು ಬಾಯಿಗೆ ಹಾಕಿದ. ಎಳ್ಳುಂಡಿ ಮೂರು, ಶೇಂಗಾ ಉಂಡಿ ಮೂರು, ಬೇಸನ್ ಉಂಡಿ ಎರಡು, ರವೆ ಉಂಡಿ ಎರಡು, ಕಡೆಗೆ ಬಾಣಂತಿಯರಿಗೆಂದು ಎತ್ತಿಟ್ಟಿದ್ದ ಅಂಟಿನುಂಡಿ ಒಂದು. ಹನ್ನೊಂದು ಮುಗಿದ ಮೇಲೆ ಬಾಳ್ಯಾನನ್ನು ಜೋಕಾಲಿಯ ಮೇಲೆ ಕೂಡಿಸಿ ಮಾಮಾ ತಾನೇ ನೂಕಿದ. ಸಾಕು ಎಂದ ಬಾಳ್ಯಾ. ಮಾಮಾ ನೂಕಿದ. ನಿಲ್ಲಿಸು ಎಂದು ಕೂಗಿದ ಬಾಳ್ಯಾ. ಮಾಮಾ ಮತ್ತೂ ಜೋರಾಗಿ ನೂಕಿದ. ಜೋಕಾಲಿ ಬೇವಿನ ಟೊಂಗೆ ಮುಟ್ಟಿ ಹಿಂದಕ್ಕೆ ಬರುವ ಹೊತ್ತಿಗೆ ಹನ್ನೊಂದೂ ಉಂಡಿ ಬಂದ ದಾರಿಯಲ್ಲೇ ಹೊರಟು ನೇರವಾಗಿ ಗುಲಾಬಿ ರುಮಾಲಿನ ಮೇಲೆ ಇಳಿದವು.

ಓಣಿಗೆ ಓಣಿಯೇ ನೋಡಿತು. ತಂದೆ ಬೇವಿನ ಟೊಂಗೆಯನ್ನೇ ಮುರಿದು ಬಾರಿಸಿದರು. ಅತ್ತೆಂದಿರು ಹೊಟ್ಟೆಬಾಕ ಎಂದರು, ಸಂಜೆಯ ಹೊತ್ತಿಗೆ ‘ಉಂಡಿ ಬಾಳ್ಯಾ’ ಎಂಬ ಹೆಸರು ಹುಟ್ಟಿತು. ಬಯ್ಯದೆ ಇದ್ದವನೆಂದರೆ ಪಾಂಡುಮಾಮಾ ಒಬ್ಬನೇ. ತಲೆ ತೊಳೆದುಕೊಂಡು ಬಂದವನು ಒಂದು ಮಾತಾಡಲಿಲ್ಲ. ಅಷ್ಟೇ ಅಲ್ಲ, ಮಾರನೆಯ ದಿನ ಎಲ್ಲಿಂದಲೋ ಒಂದು ಸೈಕಲ್ ತಂದು, ಎಂಟು ದಿನ ಬಾಳ್ಯಾನನ್ನು ಮುಂದೆ ಕೂಡಿಸಿಕೊಂಡು ಗದಗು ಬೆಟಗೇರಿ ಎಲ್ಲ ಸುತ್ತಿಸಿದ. ಇಂಥ ದೊಡ್ಡ ಮನಸ್ಸಿನವನ ತಲೆಯ ಮೇಲೆ ನಾನು ಹೀಗೆ ಮಾಡಿದೆನಲ್ಲ ಎಂದು ಬಾಳ್ಯಾ ಸೈಕಲ್ಲಿನ ಮೇಲೆ ಕೂತೇ ಅತ್ತ. ಇನ್ನು ಸಾಯುವತನಕ ಉಂಡಿ ಮುಟ್ಟುವುದಿಲ್ಲ, ಜೋಕಾಲಿ ಏರುವುದಿಲ್ಲ ಎಂದು ಬೆಟಗೇರಿಯ ರಸ್ತೆಯಲ್ಲಿ ಆಣೆ ಮಾಡಿದ.

ಆಣೆಯನ್ನು ಪಾಲಿಸಿದ, ಹೆಸರನ್ನು ಮಾತ್ರ ಕಳೆದುಕೊಳ್ಳಲಾಗಲಿಲ್ಲ. ಶಾಲೆಯಲ್ಲಿ ಮಾಸ್ತರರೂ ಉಂಡಿ ಬಾಳ್ಯಾ ಎಂದೇ ಹಾಜರಿ ಕೂಗುತ್ತಿದ್ದರು. ಆ ಹೆಸರಿಗೆ ಅವನು ಒಮ್ಮೆಯೂ ಓ ಎನ್ನಲಿಲ್ಲ. ಗೈರುಹಾಜರಿ ಬಿದ್ದರೆ ಬೀಳಲಿ ಎಂದು ಮುಂದಿನ ಬೆಂಚಿನಲ್ಲೇ ಸುಮ್ಮನೆ ಕೂತಿರುತ್ತಿದ್ದ. ದೊಡ್ಡವನಾದ ಮೇಲೆ ದೂರದ ಊರು ಯಾವುದಿದ್ದರೂ ಸರಿ ಎಂದು ಅರ್ಜಿ ಹಾಕಿ ಗುಜರಾತಿಗೆ ಬಂದ. ಹೆಂಡತಿ ಸುಲೋಚನಾ ಪ್ರತಿ ವರ್ಷ ಪಂಚಮಿಗೆ ಉಂಡಿ ಕಟ್ಟಿದಾಗ ತನ್ನದು ಪಿತ್ತಪ್ರಕೃತಿ ಎಂದು ಹೇಳಿ ತಪ್ಪಿಸಿಕೊಂಡ. ಹದಿನೈದು ವರ್ಷ ಆಕೆ ಆ ಪಿತ್ತಕ್ಕೆ ಕಷಾಯ ಕಾಸಿ ಕೊಟ್ಟಳು, ರಾಯರು ಕುಡಿದರು. ಉಂಡಿಗಿಂತ ಕಷಾಯ ಲೇಸು.

ಬರೋಡಾದಲ್ಲಿ ನಾಲ್ಕು ವರ್ಷದಲ್ಲಿ ಮೂರು ಮನೆ ಬದಲಾಗಿತ್ತು. ಒಂದರಲ್ಲಿ ಸುಲೋಚನಾಳ ಒಗ್ಗರಣೆಯ ಘಾಟಿಗೆ ಮೇಲಿನವರು ಕೆಮ್ಮಿ ಕೆಮ್ಮಿ ಬಿಡಿಸಿದರು. ಇನ್ನೊಂದನ್ನು ಮಾಲಕರ ಮಗನ ಮದುವೆಗೆಂದು ಬಿಟ್ಟುಕೊಡಬೇಕಾಯಿತು. ಮೂರನೆಯದರ ಕಥೆ ಬೇಡ. ನಾಲ್ಕನೆಯದು ರಾವ್‌ಪುರಾದ ಹಿಂದಿನ ಓಣಿಯಲ್ಲಿ ಸಿಕ್ಕಿತು. ಗಾಳಿ ಬೆಳಕು, ನಲ್ಲಿಯಲ್ಲಿ ನೀರು, ಪಕ್ಕದಲ್ಲೇ ಮಗಳು ಹೇಮಾಳ ಶಾಲೆ. ಎಲ್ಲ ಚೆನ್ನಾಗಿತ್ತು, ನಡುಮನೆಯಲ್ಲಿ ನಾಲ್ಕು ಹಿತ್ತಾಳೆ ಸರಪಳಿಗೆ ತೂಗುಹಾಕಿದ್ದ ಸಂಖೇಡಾ ಊರಿನ ಬಡಗಿಗಳು ಮಾಡಿದ ಬಣ್ಣದ ಮರದ ಜೋಕಾಲಿಯೊಂದನ್ನು ಬಿಟ್ಟು. ಅದನ್ನು ತೆಗೆಯಬಾರದು ಎಂಬುದು ಮಾಲಕ ರತಿಲಾಲಭಾಯಿಯ ಕರಾರು. ರಾಯರು ತೆಗೆಯಲಿಲ್ಲ. ಅಲುಗದ ಹಾಗೆ ಹಗ್ಗದಿಂದ ಕಿಟಕಿಯ ಸರಳಿಗೆ ಬಿಗಿದು ಕಟ್ಟಿ, ಅದರ ಮೇಲೆ ಜೋಳದ ಚೀಲ, ರೇಡಿಯೋ ಮತ್ತು ಎರಡು ಉಪ್ಪಿನಕಾಯಿ ಭರಣಿ ಇಟ್ಟರು.

ಹನ್ನೊಂದು ತಿಂಗಳ ಕರಾರು ಮುಗಿಯಲು ಎಂಟು ದಿನವಿದ್ದಾಗ ರತಿಲಾಲಭಾಯಿ ಒಳಗೆ ಬಂದು ಆ ದೃಶ್ಯವನ್ನು ನೋಡಿದರು. ಪಾತ್ರೆ ಅಂಗಡಿಯ ಮನುಷ್ಯ, ತಲೆಯ ಮೇಲೆ ಬಿಳಿ ಟೋಪಿ, ಮಾತು ಮೆಲ್ಲಗೆ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. ಅರ್ಧ ಹಿಂದಿ ಅರ್ಧ ಗುಜರಾತಿಯಲ್ಲಿ ಅವರು ಹೇಳಿದ್ದು ಇಷ್ಟು: ಈ ಜೋಕಾಲಿಯ ಮೇಲೆ ತಾಯಿಯ ತೊಡೆಯಲ್ಲಿ ತಲೆ ಇಟ್ಟು ಅವರು ಮಲಗಿ ಬೆಳೆದವರು. ತಾಯಿ ಹೋಗಿ ಹತ್ತು ವರ್ಷವಾಯಿತು. ದಿನಾ ಸಂಜೆ ಅಂಗಡಿ ಮುಚ್ಚಿ ಬೇಕೆಂದೇ ಈ ಓಣಿಯಿಂದ ಹಾದುಹೋಗುತ್ತಾರೆ, ಒಳಗಿನಿಂದ ಸರಪಳಿಯ ಕಿರಗುಟ್ಟುವ ಸಪ್ಪಳ ಕೇಳಲಿ ಎಂದು. ಹನ್ನೊಂದು ತಿಂಗಳಿನಿಂದ ಕೇಳಿಲ್ಲ. ಮುಂದಿನ ಭಾನುವಾರ ಹೆಂಡತಿ ಕಮಳಾಬೆನ್ನಳನ್ನು ಕರೆದುಕೊಂಡು ಚಹಾಕ್ಕೆ ಬರುತ್ತಾರೆ. ಎಲ್ಲರೂ ಜೋಕಾಲಿಯ ಮೇಲೆ ಕೂತು ಮಾತಾಡೋಣ. ಜೋಕಾಲಿ ಬೇಡದವರಾದರೆ ಬೇರೆ ಮನೆ ನೋಡಿಕೊಳ್ಳಬೇಕು.

ಅವರು ಹೋದ ಮೇಲೆ ಸುಲೋಚನಾ ಭರಣಿ ಇಳಿಸಿ ನೆಲದ ಮೇಲಿಟ್ಟಳು.

“ನೋಡ್ರಿ, ಇನ್ನ ನಾ ಗಂಟು ಕಟ್ಟೂದಿಲ್ಲ. ಮನಿ ಬಿಡಸಿದ್ರ ನಾನೂ ಹೇಮಾನೂ ಇದ ಜೋಕಾಲಿ ಮ್ಯಾಲೆ ಕೂತಿರತೀವಿ. ನೀವೊಬ್ರ ಹೋಗ್ರಿ.”

ಹದಿನೈದು ವರ್ಷದ ಪಿತ್ತ ಅಂದು ಬಯಲಾಯಿತು. ರಾಯರು ಗದಗು, ಬೇವಿನ ಮರ, ರುಮಾಲು ಎಲ್ಲವನ್ನೂ ತಲೆ ತಗ್ಗಿಸಿ ಹೇಳಿಕೊಂಡರು. ಸುಲೋಚನಾ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಹೋದಳು. ಒಳಗಿನಿಂದ ಬಂದ ಸಪ್ಪಳ ಅಳುವಿನದು ಎಂದು ರಾಯರು ತಿಳಿದರು. ತಿಳಿದರೆ ತಿಳಿಯಲಿ, ಗಂಡನ ಮಾನ ಹೆಂಡತಿ ಹೀಗೇ ಕಾಯಬೇಕು.

ಮಾರನೆಯ ಬೆಳಗಿನಿಂದ ತಾಲೀಮು ಶುರುವಾಯಿತು. ಗುರು ಒಂಬತ್ತು ವರ್ಷದ ಹೇಮಾ. ಆ ಮಗುವಿನ ಕನ್ನಡದಲ್ಲಿ ಗುಜರಾತಿಯೇ ಹೆಚ್ಚು, ಆದರೆ ಜೋಕಾಲಿಯ ಮೇಲೆ ಆಕೆಯ ಅಧಿಕಾರ ಪ್ರಶ್ನಾತೀತ. ಮೊದಲ ದಿನ ಎರಡೂ ಪಾದ ನೆಲಕ್ಕೂರಿ ಬರೀ ಕೂಡುವುದು. ಎರಡನೆಯ ದಿನ ಹಿಮ್ಮಡಿ ಎತ್ತುವುದು. ಮೂರನೆಯ ದಿನ ಹೇಮಾ ಹೇಳದೆ ಕೇಳದೆ ಒಂದು ಬೆರಳಿನಿಂದ ನೂಕಿದಳು. ಜೋಕಾಲಿ ಗೇಣುದ್ದ ಸರಿಯಿತು. ರಾಯರಿಗೆ ಅಲ್ಲೇ ಎಳ್ಳು ಬೆಲ್ಲದ ವಾಸನೆ ಮೂಗಿಗೆ ಬಡಿಯಿತು, ಕಣ್ಣಿಗೆ ಗುಲಾಬಿ ಬಣ್ಣ ಕಂಡಿತು. ಹಾರಿ ಇಳಿದು ಬಚ್ಚಲಿಗೆ ಓಡಿದರು. ಮೂವತ್ನಾಲ್ಕು ವರ್ಷದ ಹಿಂದಿನ ಉಂಡಿ ಇನ್ನೂ ಹೊಟ್ಟೆಯಲ್ಲಿದೆಯೋ ಏನೋ ಎಂದು ಸುಲೋಚನಾ ಅಂದದ್ದು ಅವರಿಗೆ ಹಿಡಿಸಲಿಲ್ಲ. ಆದರೂ ಹಟ ಬಿಡಲಿಲ್ಲ. ನಿಂಬೆಹಣ್ಣಿನ ಹೋಳು ದವಡೆಗಿಟ್ಟುಕೊಂಡು, ಕಣ್ಣು ಮುಚ್ಚಿ, ಶನಿವಾರದ ಹೊತ್ತಿಗೆ ಒಂಬತ್ತು ಸಲ ತೂಗಿ ಜೀವಂತ ಇಳಿದರು.

ಭಾನುವಾರ ಮೂರೂವರೆಗೆ ಸುಲೋಚನಾ ಚಹಾದ ಪಾತ್ರೆ ಒಲೆಗೇರಿಸುವ ಹೊತ್ತಿಗೆ ಬಾಗಿಲಿನಲ್ಲಿ ಟಾಂಗಾ ನಿಂತಿತು. ಅದರಿಂದ ಒಂದು ಹಾಸಿಗೆ ಸುರುಳಿ, ಒಂದು ತಗಡಿನ ಡಬ್ಬಿ, ಅವುಗಳ ಹಿಂದೆ ಐವತ್ಮೂರು ವರ್ಷದ ಪಾಂಡುಮಾಮಾ ಇಳಿದರು. ದ್ವಾರಕೆಗೆ ಹೊರಟಿದ್ದರು, ದಾರಿಯಲ್ಲಿ ಅಳಿಯನನ್ನು ನೋಡಿಕೊಂಡು ಹೋಗೋಣವೆಂದು ಬಂದಿದ್ದರು. ಬರುತ್ತೇನೆಂದು ಬರೆದ ಕಾಗದ ಅವರು ಬಂದ ಮಾರನೆಯ ದಿನ ಬಂತು, ಅದು ಬೇರೆ ಮಾತು. ಡಬ್ಬಿಯಲ್ಲಿ ಏನಿದೆಯೆಂದು ಯಾರೂ ಕೇಳಬೇಕಾಗಿರಲಿಲ್ಲ. ಪಂಚಮಿ ಮುಗಿದು ವಾರವಾಗಿತ್ತು.

ಮಾಲಕರ ಎದುರಿಗೆ ಮಾಮಾ ಹಳೆಯ ಕಥೆ ತೆಗೆದರೆ ಮುಗಿಯಿತು. ಬಾಯಿ ಮುಚ್ಚಿಕೊಂಡಿರಬೇಕೆಂದು ಅವರಿಗೆ ಹೇಳುವುದು ಹೇಗೆ ಎಂದು ರಾಯರು ಯೋಚಿಸುತ್ತಿರುವಾಗಲೇ ರತಿಲಾಲಭಾಯಿ ದಂಪತಿಗಳು ಬಂದರು. ಹಿರಿಯ ಅತಿಥಿಯನ್ನು ಕಂಡು ರತಿಲಾಲಭಾಯಿಗೆ ಸಂತೋಷವಾಯಿತು. ದೂರದಿಂದ ಬಂದವರು, ವಯಸ್ಸಿನಲ್ಲಿ ದೊಡ್ಡವರು, ಮೊದಲು ಇವರೇ ಕೂಡಬೇಕು ಎಂದು ಕೈಹಿಡಿದು ಜೋಕಾಲಿಯ ಹತ್ತಿರ ಕರೆದೊಯ್ದರು.

ಮಾಮಾ ಜೋಕಾಲಿಯನ್ನು ನೋಡಿದರು. ಮುಖದ ಬಣ್ಣ ಇಳಿಯಿತು. “ನಾ ಒಲ್ಲೆ” ಎಂದು ಗೋಡೆಗೆ ಒತ್ತಿ ನಿಂತರು.

ರತಿಲಾಲಭಾಯಿಯ ಕೈ ಗಾಳಿಯಲ್ಲೇ ಉಳಿಯಿತು. ಒಬ್ಬ ಬಾಡಿಗೆದಾರ ಮಾತ್ರ ಹೀಗೆ ಎಂದುಕೊಂಡಿದ್ದೆ, ಇವರ ಕುಲವೇ ಹೀಗೆ ಎಂಬ ಭಾವ ಅವರ ಮುಖದ ಮೇಲೆ ಮೂಡಿತು. ಸುಲೋಚನಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಮನಸ್ಸಿನಲ್ಲೇ ಗಂಟು ಕಟ್ಟತೊಡಗಿದಳು.

ರಾಯರು ಮಾತ್ರ ಬೇರೆಯೇ ಅರ್ಥ ಮಾಡಿಕೊಂಡರು. ನನ್ನಿಂದ ಆ ದಿನ ಆದ ಅವಮಾನಕ್ಕೆ ಈ ದೇವರಂಥ ಮನುಷ್ಯ ಇಂದಿಗೂ ಜೋಕಾಲಿ ಕಂಡರೆ ಹೆದರುತ್ತಾರಲ್ಲ! ಮಾಮಾನ ಎರಡೂ ಕೈ ಹಿಡಿದು, ಆ ರುಮಾಲಿನ ಸಂಗತಿ ಮನಸ್ಸಿನಿಂದ ತೆಗೆದುಹಾಕಬೇಕು, ಎಲ್ಲ ತಪ್ಪೂ ತನ್ನದೇ ಎಂದು ಬೇಡಿಕೊಂಡರು.

ಮಾಮಾ ಗೋಡೆಯಿಂದ ಜಾರಿ ನೆಲಕ್ಕೇ ಕೂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರಿದ್ದಾರೆ. ಇಲ್ಲಿ ಕಳ್ಳ ಎನ್ನದೆಯೇ, ಕೈ ಹಿಡಿದು ಬೇಡಿಕೊಂಡದ್ದಕ್ಕೇ ಕುಂಬಳಕಾಯಿ ಹೊರಗೆ ಬಂತು.

“ನಿಂದೇನೂ ತಪ್ಪಿಲ್ಲೋ ಬಾಳ್ಯಾ. ಅದನ್ನ ಹೇಳಬೇಕಂತನ ಬಂದೀನಿ. ಇದನ್ನ ಹೊಟ್ಟ್ಯಾಗ ಇಟಗೊಂಡು ದ್ವಾರಕಿಗೆ ಹ್ಯಾಂಗ ಹೋಗ್ಲಿ? ಅವತ್ತ ನಾ ನನ್ನ ಗೆಳ್ಯಾ ದಿವಾಕರನ ಕೂಡ ಪಣಾ ಕಟ್ಟಿದ್ದೆ. ಹನ್ನೊಂದು ಉಂಡಿ ತಿನಿಸಿ ಜೋಕಾಲಿ ನೂಕಿದ್ರ ಹುಡುಗ ವಾಂತಿ ಮಾಡತಾನ ಅಂತ ನಾ, ಮಾಡೂದಿಲ್ಲ ಅಂತ ಅವ. ನೀ ಮಾಡಿದಿ. ನಾ ಗೆದ್ದೆ. ನನ್ನ ತಲಿ ಮ್ಯಾಲೇ ಬೀಳತದ ಅಂತ ಮಾತ್ರ ಗೊತ್ತಿದ್ದಿಲ್ಲ.”

ಹೇಮಾ ತನ್ನ ಕರ್ತವ್ಯವೆಂದು ಇದೆಲ್ಲವನ್ನೂ ರತಿಲಾಲಭಾಯಿಗೆ ಗುಜರಾತಿಯಲ್ಲಿ ತಿಳಿಸಿದಳು. ಈ ಅಜ್ಜ ಪಪ್ಪನಿಗೆ ಹನ್ನೊಂದು ಲಾಡು ತಿನ್ನಿಸಿ ಜೋಕಾಲಿ ನೂಕಿದ್ದಕ್ಕೆ ಪಪ್ಪ ಅಜ್ಜನ ತಲೆಯ ಮೇಲೆ ವಾಂತಿ ಮಾಡಿದರಂತೆ ಎಂದಳು. ರತಿಲಾಲಭಾಯಿ ಬಹಳ ಗಂಭೀರವಾಗಿ, ಲಾಡು ಯಾವ ಅಳತೆಯವು ಎಂದು ಕೇಳಿದರು. ಮಾಮಾ ನೆಲದ ಮೇಲೆ ಕೂತೇ ಕೈಯಿಂದ ಅಳತೆ ತೋರಿಸಿದರು. ರತಿಲಾಲಭಾಯಿ ಹುಬ್ಬೇರಿಸಿ ಹೆಂಡತಿಯ ಕಡೆ ನೋಡಿದರು.

ಬಾಲಚಂದ್ರರಾಯರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮೂವತ್ನಾಲ್ಕು ವರ್ಷ. ಎಷ್ಟು ಪಂಚಮಿ, ಎಷ್ಟು ಮದುವೆ ಊಟ, ಎಷ್ಟು ಲೋಟ ಕಷಾಯ. ಹೊಟ್ಟೆಬಾಕ ನಾನು, ದುರ್ಬಲ ನಾನು ಎಂದುಕೊಂಡು ಒಂದೊಂದೇ ಹೆಜ್ಜೆ ನೋಡಿ ಇಟ್ಟು ಬದುಕಿದ್ದೆಲ್ಲ ಎಂಥದಕ್ಕೆ? ಕಡೆಗೆ ಅವರ ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

“ಪಣಕ್ಕ ಏನಿಟ್ಟಿದ್ರಿ ಮಾಮಾ?”

ಮಾಮಾ ನೆಲ ನೋಡಿದರು. “ದಿವಾಕರನ ಸೈಕಲ್ಲು. ಎಂಟು ದಿವಸಕ್ಕ.”

ಬೇರೆ ಯಾವ ಮಾತಾದರೂ ರಾಯರು ತಡೆದುಕೊಳ್ಳುತ್ತಿದ್ದರು. ಆ ಸೈಕಲ್! ಅದರ ಮೇಲೆ ಕೂತು ಈ ಮನುಷ್ಯನ ದೊಡ್ಡ ಮನಸ್ಸಿಗೆ ಕಣ್ಣೀರು ಹಾಕಿದ್ದರು, ಆಣೆ ಮಾಡಿದ್ದರು. ವಿಮಾ ಕಚೇರಿಯ ಗುಮಾಸ್ತೆ ಅಲ್ಲಿಗೆ ಮುಗಿದ. ಎದ್ದು ನಿಂತವನು ಎಂಟು ವರ್ಷದ ಬಾಳ್ಯಾ.

ಬಾಳ್ಯಾ ಮಾಮಾನ ರಟ್ಟೆ ಹಿಡಿದು ಎಬ್ಬಿಸಿ ಜೋಕಾಲಿಯ ಮೇಲೆ ಕೂಡಿಸಿದ. ತಗಡಿನ ಡಬ್ಬಿಯ ಮುಚ್ಚಳ ತೆಗೆದ. “ಬಾಯಿ ತಗೀರಿ” ಎಂದ. ಮಾಡಿದ್ದುಣ್ಣೋ ಮಹಾರಾಯ ಎಂದು ಹಿರಿಯರು ಹೇಳಿದ್ದು ಇಷ್ಟು ಅಕ್ಷರಶಃ ಎಲ್ಲಿಯೂ ನಡೆದಿರಲಿಕ್ಕಿಲ್ಲ. ಒಂದು ಉಂಡಿ, ಒಂದು ನೂಕು. ಒಂದು ಉಂಡಿ, ಒಂದು ನೂಕು. ಸರಪಳಿ ಕಿರಗುಟ್ಟತೊಡಗಿತು. ಸುಲೋಚನಾ ಬೇಡವೆನ್ನಲು ಬಾಯಿ ತೆರೆದವಳು, ಮಾಮಾ ತಾವಾಗಿಯೇ ಮುಂದಿನ ಉಂಡಿಗೆ ಬಾಯಿ ತೆರೆದುದನ್ನು ಕಂಡು ಸುಮ್ಮನಾದಳು. ಇದು ಕರ್ಣಾಟಕದಲ್ಲಿ ಅಳಿಯ ಮಾವನಿಗೆ ಮಾಡುವ ಯಾವುದೋ ಮರ್ಯಾದೆ ಇರಬೇಕೆಂದು ತಿಳಿದ ರತಿಲಾಲಭಾಯಿ, ಎಕ್, ಬೆ, ತ್ರಣ್ ಎಂದು ಎಣಿಸತೊಡಗಿದರು. ಐದಕ್ಕೆ ಬಂದಾಗ ಏನೋ ನೆನಪಾಗಿ ತಲೆಯ ಮೇಲಿನ ಟೋಪಿ ತೆಗೆದು ಜೇಬಿಗೆ ಹಾಕಿಕೊಂಡರು, ಕುರ್ಚಿಯನ್ನು ಎರಡು ಮಾರು ಹಿಂದಕ್ಕೆ ಎಳೆದುಕೊಂಡರು.

ಏಳನೆಯ ಉಂಡಿ. ಜೋಕಾಲಿ ಕಿಟಕಿಯ ಎತ್ತರಕ್ಕೆ ಹೋಗುತ್ತಿತ್ತು. ಮಾಮಾನ ಎರಡೂ ಕೈ ಸರಪಳಿಗೆ ಬಿಗಿದಿದ್ದವು, ಕಣ್ಣು ತುಂಬಿದ್ದವು.

“ಸಾಕೋ ಬಾಳ್ಯಾ. ನಿಲ್ಲಸೋ.”

ಬಾಳ್ಯಾ ಕೈ ಚಾಚಿ ಸರಪಳಿ ಹಿಡಿದ. ಜೋಕಾಲಿ ಒಮ್ಮೆಗೇ ನಿಂತಿತು, ಮಾಮಾ ಅವನ ಎದೆಗೆ ಬಂದು ತಾಗಿದರು. ಬೇವಿನ ಮರದ ಕೆಳಗೆ ಅವನು ಕೂಗಿದ್ದೂ ಇದೇ ಮಾತು. ಅಂದು ಯಾರಾದರೂ ಹೀಗೆ ಕೈ ಚಾಚಿ ಹಿಡಿಯಲಿ ಎಂದು ಅವನಿಗೆ ಎಷ್ಟು ಅನ್ನಿಸಿತ್ತು ಎಂಬುದು ಸರಪಳಿ ಹಿಡಿದ ಮೇಲೆಯೇ ಅವನಿಗೆ ನೆನಪಾಯಿತು.

“ನೀನೂ ಹಿಂಗ ಅಂದಿದ್ದಿ. ನಾ ನಿಲ್ಲಸಲಿಲ್ಲ” ಎಂದರು ಮಾಮಾ. ಅಷ್ಟು ಹೇಳಿ ಅವರು ಮಗುವಿನ ಹಾಗೆ ಅತ್ತರು, ನಡುನಡುವೆ ತೇಗಿದರು.

ಹತ್ತಿರ ಇದ್ದ ಜಾಗವೆಂದರೆ ಮಾಮಾನ ಪಕ್ಕ, ರಾಯರು ಅಲ್ಲೇ ಕೂತರು. ಡಬ್ಬಿಯನ್ನು ಇಬ್ಬರ ನಡುವೆ ಇಟ್ಟುಕೊಂಡರು. ಸುಮ್ಮನೆ ಕೂಡಲು ಏನಾದರೂ ಬೇಕಲ್ಲ ಎಂದು ಒಂದು ಎಳ್ಳುಂಡಿ ತೆಗೆದು ಕಡಿದರು. ಬೆಲ್ಲ ಹದವಾಗಿತ್ತು, ಏಲಕ್ಕಿ ತುಸು ಹೆಚ್ಚಾಗಿತ್ತು. ಇಷ್ಟು ರುಚಿಯ ಪದಾರ್ಥವನ್ನು ಮೂವತ್ನಾಲ್ಕು ವರ್ಷ ಬಿಟ್ಟಿದ್ದೆನಲ್ಲ ಎಂದು ಅವರಿಗೆ ನಿಜವಾಗಿ ದುಃಖವಾಯಿತು. ಎರಡನೆಯದನ್ನು ತೆಗೆದುಕೊಂಡರು. ಅವರ ಕಾಲು ತಾನಾಗಿಯೇ ನೆಲವನ್ನು ಮೆಲ್ಲಗೆ ಒದೆಯುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ. ಹೇಮಾ ಹೇಳಹೋದಳು, ಸುಲೋಚನಾ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು.

ಸರಪಳಿ ಒಂದೇ ಸಮನೆ ಕಿರಗುಟ್ಟುತ್ತಿತ್ತು. ಅರ್ಧ ಗಂಟೆಯ ಮೇಲೆ ಮನೆಯ ಮಾತು ಏನಾಯಿತೆಂದು ಕೇಳಲು ಸುಲೋಚನಾ ತಿರುಗಿದರೆ, ರತಿಲಾಲಭಾಯಿ ಕುರ್ಚಿಯಲ್ಲಿ ಕತ್ತು ವಾಲಿಸಿ ನಿದ್ದೆ ಹೋಗಿದ್ದರು. ಕಮಳಾಬೆನ್ ಅವರ ಕಡೆ ನೋಡಿ, ಅತ್ತೆ ಹೋದ ಮೇಲೆ ಇವರು ಹಗಲು ನಿದ್ದೆ ಮಾಡಿದ್ದು ಇದೇ ಮೊದಲು, ಯಾರೂ ಎಬ್ಬಿಸಬೇಡಿ ಎಂದು ಪಿಸುಗುಟ್ಟಿದಳು. ಆಮೇಲೆ ಹೋಗುವಾಗ ತಾನೇ ಹೊಸ ಕರಾರಿನ ಮಾತು ತೆಗೆದು, ಬರುವ ವರ್ಷವೂ ಈ ಮಾವನವರನ್ನು ತಪ್ಪದೆ ಕರೆಸಬೇಕು, ಆದರೆ ಉಂಡಿ ಐದಕ್ಕೇ ನಿಲ್ಲಿಸಬೇಕು ಎಂದು ಹೇಳಿದಳು.

ಮಾರನೆಯ ಬೆಳಿಗ್ಗೆ ರಾಯರು ಮಾಮಾನನ್ನು ಸ್ಟೇಷನ್ನಿಗೆ ಕರೆದೊಯ್ದರು. ಮಾಮಾ ಹೊಟ್ಟೆ ಹಿಡಿದುಕೊಂಡೇ ಗಾಡಿ ಹತ್ತಿದರು, ಏಳು ಉಂಡಿ ಇನ್ನೂ ತಮ್ಮ ಕೆಲಸ ಮಾಡುತ್ತಿದ್ದವು. ಗಾಡಿ ಹೊರಟಿತು. ಪ್ಲಾಟ್‌ಫಾರ್ಮಿನಲ್ಲಿ ಚಹಾದವರು, ಹಮಾಲರು, ವಿಮಾ ಕಚೇರಿಯ ಇಬ್ಬರು ಸಹೋದ್ಯೋಗಿಗಳು ಕೂಡ ಇದ್ದರು. ಮಾಮಾ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ, ಹಳೆಯ ರೂಢಿಯಂತೆ, ಇಡೀ ಸ್ಟೇಷನ್ ತಿರುಗಿ ನೋಡುವ ಹಾಗೆ ಕೂಗಿದರು.

“ಉಂಡಿ ಬಾಳ್ಯಾ!”

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡರು. ರಾಯರು ಎರಡು ಹೆಜ್ಜೆ ಗಾಡಿಯ ಜೊತೆಗೇ ಓಡಿದರು.

“ಓ ಮಾಮಾ” ಎಂದರು.